ಕಡಲೆ ಎಲೆಯ ಹುಳಿ: ಸಸ್ಯಶಾಸ್ತ್ರದಲ್ಲಿ ಎಡವುತ್ತಿದ್ದ ಒಬ್ಬ ವಿದ್ಯಾರ್ಥಿನಿಯ ಪ್ರಕರಣ

ಧಾರವಾಡದ ಸಪ್ತಾಪುರದಲ್ಲಿ ಒಂದು ಚಿಕ್ಕ ಕೋಣೆ ಹಿಡಿದು ನಾನು ಜೀವಶಾಸ್ತ್ರ ಹೇಳಿಕೊಡುತ್ತೇನೆ. ನೀಟ್ ಮತ್ತು ಸಿಇಟಿ ಬರೆಯುವ ಮಕ್ಕಳು, ಒಂದು ಬ್ಯಾಚಿಗೆ ಎಂಟೋ ಹತ್ತೋ ಮಂದಿ. ಅವರಲ್ಲಿ ಒಬ್ಬಳ ಒಂದು ವರ್ಷದ ಓದಿನ ವಿಷಯ ಇದು. ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ. ಊರು, ಕಾಲೇಜು, ವರ್ಷ ಹೇಳುವುದಿಲ್ಲ. ಹೆಸರನ್ನು ಗಂಗಾ ಅಂತ ಇಟ್ಟುಕೊಳ್ಳೋಣ.

ಹಿನ್ನೆಲೆ

ಗಂಗಾ ಗದಗ ಜಿಲ್ಲೆಯ ಹುಡುಗಿ. ಮನೆಯಲ್ಲಿ ಎರೆ ಹೊಲ. ಮುಂಗಾರಿಗೆ ಹೆಸರು, ಗೋವಿನಜೋಳ. ಹಿಂಗಾರಿಗೆ ಬಿಳಿಜೋಳ, ಕಡಲೆ, ಒಂದಿಷ್ಟು ಸೂರ್ಯಕಾಂತಿ. ಹತ್ತನೇ ತರಗತಿಯವರೆಗೆ ಊರಲ್ಲೇ ಕನ್ನಡ ಮಾಧ್ಯಮ. ಅಂಕ ಚೆನ್ನಾಗಿ ಬಂತು ಅಂತ ಧಾರವಾಡಕ್ಕೆ ತಂದು ಸೈನ್ಸಿಗೆ ಸೇರಿಸಿದರು. ಹಾಸ್ಟೆಲ್ ಇರುವ ಒಂದು ಖಾಸಗಿ ಕಾಲೇಜು. ಎರಡು ವರ್ಷದಲ್ಲಿ ಅವಳು ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿದ್ದು ಎರಡೇ ಸಲವಂತೆ. ಉಳಿದ ಪ್ರಾಕ್ಟಿಕಲ್ ಎಲ್ಲ ರೆಕಾರ್ಡ್ ಪುಸ್ತಕದಲ್ಲಿ ಚಿತ್ರ ನೋಡಿ ಚಿತ್ರ ಬಿಡಿಸಿದ್ದು.

ಮೊದಲ ಸಲ ನೀಟ್ ಆಗಲಿಲ್ಲ. ಇನ್ನೊಂದು ವರ್ಷ ಕೂತು ಬರೆಯುತ್ತೇನೆ ಅಂತ ಹಟ ಹಿಡಿದಳು. ಜುಲೈನಲ್ಲಿ ಅವಳಪ್ಪ ಅವಳನ್ನು ಕರೆದುಕೊಂಡು ನನ್ನ ಹತ್ತಿರ ಬಂದರು. "ಹುಡುಗಿ ಓದ್ತಾಳ್ರಿ ಸರ್, ಆದ್ರ ಎಲ್ಲೋ ಸಿಕ್ಕೊಂಡಾಳ, ಎಲ್ಲಿ ಅಂತ ನಮಗ ತಿಳಿವಲ್ದು" ಅಂದರು.

ಎಲ್ಲಿ ಸಿಕ್ಕಿಕೊಂಡಿದ್ದಾಳೆ ಅನ್ನುವುದು ಮೊದಲ ಟೆಸ್ಟಿನಲ್ಲೇ ಕಂಡಿತು. ಮನುಷ್ಯನ ದೇಹದ ಪ್ರಶ್ನೆಗಳು ಹೆಚ್ಚುಕಡಿಮೆ ಎಲ್ಲ ಸರಿ. ತಳಿಶಾಸ್ತ್ರವೂ ಪರವಾಗಿಲ್ಲ. ಗಿಡದ ಒಳರಚನೆ ಮತ್ತು ಗಿಡದ ಕೆಲಸ ಬಂದ ಕಡೆಯೆಲ್ಲ ತಪ್ಪು. ಅದೂ ಒಂದು ವಿಚಿತ್ರ ರೀತಿಯಲ್ಲಿ. ಕ್ಸೈಲಂ ಅಂದರೆ ನೀರು ಒಯ್ಯುವ ನಾಳಗಳು; ಮೊದಲು ಹುಟ್ಟಿದ ನಾಳ ಒಳಗಡೆಗಿದ್ದರೆ ಎಂಡಾರ್ಕ್, ಹೊರಗಡೆಗಿದ್ದರೆ ಎಕ್ಸಾರ್ಕ್. ಬೇರಿನಲ್ಲಿ ಕ್ಸೈಲಂ ಎಂಡಾರ್ಕ್, ಕಾಂಡದಲ್ಲಿ ಎಕ್ಸಾರ್ಕ್ ಅಂತ ಗುರುತು ಹಾಕಿದ್ದಳು, ಸರಿಯಾಗಿ ಉಲ್ಟಾ. ನಾಳಗಳ ಕಟ್ಟಿಗೆ ಬಂಡಲ್ ಅನ್ನುತ್ತಾರೆ; ಕಾಂಡ ದಪ್ಪವಾಗಲು ಅದರ ನಡುವೆ ಬೆಳೆಯುವ ಪದರ ಇದ್ದರೆ ಓಪನ್, ಇಲ್ಲದಿದ್ದರೆ ಕ್ಲೋಸ್ಡ್. ಏಕದಳದ ಬಂಡಲ್‌ಗಳು ಓಪನ್, ದ್ವಿದಳದವು ಕ್ಲೋಸ್ಡ್ ಅಂದಿದ್ದಳು. ಅದೂ ಉಲ್ಟಾ. ಪೂರಾ ಗೊತ್ತಿಲ್ಲದವರು ಹೀಗೆ ತಪ್ಪುವುದಿಲ್ಲ. ಓದಿ ಓದಿ ಎರಡು ಮಾತು ಒಂದಕ್ಕೊಂದು ಅಂಟಿಕೊಂಡವರು ಹೀಗೆ ತಪ್ಪುತ್ತಾರೆ.

ಒಂದು ಮಾತು ಇಲ್ಲೇ ಹೇಳಬೇಕು. 2022ರಲ್ಲಿ ಎನ್‌ಸಿಇಆರ್‌ಟಿ ಪಠ್ಯದ ಹೊರೆ ಇಳಿಸಿದಾಗ 11ನೇ ತರಗತಿಯ ಜೀವಶಾಸ್ತ್ರದಿಂದ 'ಸಸ್ಯಗಳಲ್ಲಿ ಸಾಗಾಣಿಕೆ' ಅನ್ನುವ ಇಡೀ ಅಧ್ಯಾಯ ಹೋಯಿತು. ಖನಿಜ ಪೋಷಣೆಯದೂ ಹೋಯಿತು. ಕಾಂಡ ದಪ್ಪವಾಗುವ ದ್ವಿತೀಯ ಬೆಳವಣಿಗೆಯ ಭಾಗವೂ ಹೋಯಿತು. ಹೊರೆ ಇಳಿಯಿತು ನಿಜ. ಆದರೆ ಕ್ಸೈಲಂ, ಎಲೆಯ ಸಕ್ಕರೆ ಒಯ್ಯುವ ಫ್ಲೋಯಂ ಎಲ್ಲೆಲ್ಲಿ ಕೂತಿವೆ ಅನ್ನುವ ಪಾಠ ಉಳಿಯಿತು, ಅವು ಏನು ಮಾಡುತ್ತವೆ ಅನ್ನುವ ಪಾಠ ಹೋಯಿತು. ಇದು ನನಗೆ ಈಗಲೂ ನೋವಿನ ವಿಷಯ. ಕೆಲಸ ಗೊತ್ತಿಲ್ಲದೆ ಬರೀ ಜಾಗ ನೆನಪಿಡು ಅಂದರೆ ಮಕ್ಕಳು ಏನು ಮಾಡಬೇಕು?

ಮೊದಲ ಎರಡು ಪ್ರಯತ್ನ

ನಾನು ಮೊದಲು ತಿಳಿದದ್ದು ಇಂಗ್ಲಿಷಿನ ತೊಂದರೆ ಅಂತ. ಕನ್ನಡ ಮಾಧ್ಯಮದಿಂದ ಬಂದವಳು, ಉದ್ದುದ್ದ ಗ್ರೀಕ್ ಪದಗಳು, ಅದಕ್ಕೇ ಹೀಗೆ ಅಂದುಕೊಂಡೆ. ಎಂಬತ್ತು ಪದಗಳ ಪಟ್ಟಿ ಮಾಡಿ ಕೊಟ್ಟೆ. ಪ್ರತಿಯೊಂದಕ್ಕೂ ಕನ್ನಡದಲ್ಲಿ ಒಂದು ಸಾಲಿನ ಅರ್ಥ. ಅವಳು ಒಂದೇ ವಾರದಲ್ಲಿ ಪೂರ್ತಿ ಬಾಯಿಪಾಠ ಮಾಡಿದಳು. ಮುಂದಿನ ಟೆಸ್ಟಿನಲ್ಲಿ ಅವೇ ತಪ್ಪುಗಳು. ಕೇಳಿದರೆ 'ಪ್ರೋಟೋಕ್ಸೈಲಂ ಅಂದ್ರ ಮೊದಲು ಹುಟ್ಟಿದ್ದು' ಅಂತ ಅರ್ಥ ಸರಿಯಾಗಿಯೇ ಹೇಳುತ್ತಿದ್ದಳು. ಅದು ಎಲ್ಲಿದೆ ಅಂದರೆ ಸುಮ್ಮನೆ ನಿಲ್ಲುತ್ತಿದ್ದಳು.

ಎರಡನೆಯದು, ಕೋಷ್ಟಕ. ಎಲ್ಲ ಕೋಚಿಂಗಿನವರೂ ಮಾಡಿಸುವುದೇ ಅದು. ದ್ವಿದಳ ಬೇರು, ಏಕದಳ ಬೇರು, ದ್ವಿದಳ ಕಾಂಡ, ಏಕದಳ ಕಾಂಡ ಅಂತ ನಾಲ್ಕು ಕಂಬ, ಹತ್ತು ಸಾಲು. ಗೋಡೆಗೆ ಹಚ್ಚಿ ದಿನಾ ನೋಡು ಅಂದೆ. ಎರಡು ವಾರ ಅಂಕ ಏರಿತು. ಮೂರನೇ ವಾರ ಬಿತ್ತು. ಸೆಪ್ಟೆಂಬರಿನ ಕೊನೆಗೆ ಅವಳು ಕೋಷ್ಟಕವನ್ನು ನೋಡಿಯೇ ಅಳುವ ಹಾಗಾದಳು. "ನಲವತ್ತು ಖಾನೆ ಅದಾವ್ರಿ ಸರ್, ಎಲ್ಲಾ ಒಂದಽ ಥರಾ ಕಾಣ್ತಾವ" ಅಂದಳು.

ಆ ಮಾತು ಸರಿಯಾಗಿತ್ತು. ಅವಳಿಗೆ ಹಿಡಿದುಕೊಳ್ಳಲು ಏನೂ ಇರಲಿಲ್ಲ. ಎರಡು ತಿಂಗಳು ನಾನು ತಪ್ಪು ರೋಗಕ್ಕೆ ಔಷಧಿ ಕೊಟ್ಟಿದ್ದೆ.

ಗೋವಿನಜೋಳದ ಎಲೆ

ಒಂದು ಸಂಜೆ ತಪ್ಪಾದ ಪ್ರಶ್ನೆಗಳನ್ನು ಒಂದೊಂದೇ ತೆಗೆದು ಕೂತೆವು. ಒಂದು ಪ್ರಶ್ನೆ ಬುಲಿಫಾರ್ಮ್ ಕೋಶಗಳದ್ದು. ಹುಲ್ಲಿನ ಜಾತಿಯ ಗಿಡಗಳಲ್ಲಿ ಎಲೆಯ ಮೇಲ್ಪದರದಲ್ಲಿ ಇರುವ ದೊಡ್ಡ, ಬಣ್ಣವಿಲ್ಲದ ಕೋಶಗಳು ಇವು. ನೀರು ತುಂಬಿಕೊಂಡಾಗ ಎಲೆ ಅಗಲವಾಗಿ ಬಿಚ್ಚಿರುತ್ತದೆ. ನೀರು ಕಳೆದುಕೊಂಡಾಗ ಎಲೆ ಒಳಕ್ಕೆ ಸುತ್ತಿಕೊಳ್ಳುತ್ತದೆ, ಇದರಿಂದ ನೀರು ಆರುವುದು ಕಡಿಮೆಯಾಗುತ್ತದೆ. ಅವಳು ಪತ್ರರಂಧ್ರ, ಅಂದರೆ ಎಲೆ ಉಸಿರಾಡುವ ಸಣ್ಣ ತೂತು, ಅಂತ ಗುರುತು ಹಾಕಿದ್ದಳು. ನಾನು ಸುಮ್ನೆ, ಹೆಚ್ಚು ಯೋಚಿಸದೆ, "ನಿಮ್ಮ ಹೊಲದಲ್ಲಿ ಇಂಥದ್ದು ನೋಡಿದ್ದೀಯಾ?" ಅಂತ ಕೇಳಿದೆ.

"ಏ, ಅದಾ? ಗೊತ್ತೈತ್ರಿ ಸರ್. ಮಳಿ ಕೈ ಕೊಟ್ಟಾಗ ಮಧ್ಯಾಹ್ನ ಬಿಸಲಿಗೆ ಗೊಂಜಾಳದ ಎಲಿ ಸುರುಳಿ ಸುತ್ತಕೋತಾವ. ಸಂಜಿಗೆ ಮತ್ತ ಬಿಚ್ಚತಾವ. ಮುಂಜಾನಿನೂ ಬಿಚ್ಚಲಿಲ್ಲಂದ್ರ ಬೆಳಿ ಹೋತು ಅಂತ ತಿಳಕೋ ಅಂತಾನ್ರಿ ನಮ್ಮಪ್ಪ."

ನಾನು ಪೆನ್ನು ಕೆಳಗಿಟ್ಟೆ. ಈ ಹುಡುಗಿಗೆ ನಾನು ಎರಡು ತಿಂಗಳಿಂದ 'ಬುಲಿಫಾರ್ಮ್' ಅನ್ನುವ ಪದ ಕಲಿಸುತ್ತಿದ್ದೆ. ಅದರ ಕೆಲಸ ಅವಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಆ ಪದ ಈ ಎಲೆಯದೇ ಅಂತ ಅವಳಿಗೆ ಯಾರೂ ಹೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

ಮರುದಿನ ಅವಳಿದ್ದ ಪಿಜಿಯ ಹಿತ್ತಲಿಗೆ ಹೋದೆವು, ಜೊತೆಗೆ ಇಡೀ ಬ್ಯಾಚು. ಅಲ್ಲಿ ಒಂದು ಪೇರಲ ಗಿಡ. ಬಟ್ಟೆ ಒಣಹಾಕಲು ಯಾರೋ ಎಷ್ಟೋ ವರ್ಷದ ಹಿಂದೆ ಅದಕ್ಕೆ ತಂತಿ ಬಿಗಿದಿದ್ದರು. ತಂತಿ ತೊಗಟೆಯೊಳಗೆ ಇಳಿದಿತ್ತು. ತಂತಿಯ ಮೇಲಿನ ಭಾಗ ದಪ್ಪಗೆ ಉಬ್ಬಿತ್ತು, ಕೆಳಗಿನದು ಸಣ್ಣಗೇ ಇತ್ತು. "ಮೇಲೆ ಯಾಕೆ ಉಬ್ಬಿದೆ, ಕೆಳಗೆ ಯಾಕೆ ಇಲ್ಲ?" ಅಂತ ಕೇಳಿ ಸುಮ್ಮನೆ ನಿಂತೆ.

ತುಂಬ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಗಂಗಾ ಹೇಳಿದಳು: "ಮ್ಯಾಲಿಂದ ಏನೋ ಇಳಿಯಾಕತ್ತಿತ್ತು, ಇಲ್ಲಿ ತಡದೈತಿ." ಏನು ಇಳಿಯುತ್ತಿತ್ತು? "ಎಲಿಯೊಳಗ ತಯಾರಾದ ಊಟ." ಹಾಗಾದರೆ ಮೇಲಿನ ಎಲೆ ಯಾಕೆ ಬಾಡಿಲ್ಲ? ಅವಳು ಗಿಡದ ನೆತ್ತಿ ನೋಡಿದಳು. "ಎಲಿ ಹಸರಽ ಅದಾವ. ಅಂದ್ರ ನೀರು ಹೊಂಟೈತಿ. ನೀರಿನ ಪೈಪು ಇನ್ನೂ ಒಳಗೈತಿ, ತಂತಿ ಅಲ್ಲೀಮಟ ಮುಟ್ಟಿಲ್ಲ."

ದ್ವಿದಳ ಕಾಂಡದಲ್ಲಿ ಫ್ಲೋಯಂ ಹೊರಗೆ, ಕ್ಸೈಲಂ ಒಳಗೆ. ಆ ಖಾನೆಯನ್ನು ಅವಳು ಮತ್ತೆ ಯಾವತ್ತೂ ತಪ್ಪಲಿಲ್ಲ. 17ನೇ ಶತಮಾನದಲ್ಲಿ ಇಟಲಿಯ ಮಾಲ್ಪಿಘಿ ಮರದ ತೊಗಟೆಯನ್ನು ಬಳೆಯ ಹಾಗೆ ಸುತ್ತ ತೆಗೆದು ನೋಡಿದ್ದೂ ಇದನ್ನೇ. ಪಠ್ಯದಲ್ಲಿ ಇಲ್ಲದಿದ್ದರೂ ಅಲ್ಲೇ ನಿಂತು ಅದನ್ನೂ ಹೇಳಿದೆ. ನೀರು ಮೇಲೆ ಏರುವುದು ಎಲೆಯಿಂದ ಆವಿ ಹೋಗುವಾಗಿನ ಸೆಳೆತದಿಂದ ಅಂತ 1894ರಲ್ಲಿ ಡಿಕ್ಸನ್ ಮತ್ತು ಜೋಲಿ ಹೇಳಿದ್ದು, ಸಕ್ಕರೆ ಒತ್ತಡದಿಂದ ಹರಿಯುತ್ತದೆ ಅಂತ 1930ರಲ್ಲಿ ಮ್ಯೂಂಖ್ ಹೇಳಿದ್ದು, ಎರಡನ್ನೂ ಹೇಳಿದೆ. ಪರೀಕ್ಷೆಗೆ ಬರಲ್ಲ ಸರ್ ಅಂತ ಒಬ್ಬ ಹುಡುಗ ಅಂದ. ಬರಲ್ಲ, ಆದರೆ ಬರುವುದೆಲ್ಲ ಇದರ ಮೇಲೇ ನಿಂತಿದೆ ಅಂದೆ.

ಅದೇ ಹುಡುಗ ಇನ್ನೊಂದು ಒಳ್ಳೇ ಪ್ರಶ್ನೆ ಕೇಳಿದ. ತೆಂಗಿನ ಮರಕ್ಕೆ ಹತ್ತಲು ಕಚ್ಚು ಹಾಕಿರುತ್ತಾರಲ್ಲ, ಅದು ಯಾಕೆ ಸಾಯುವುದಿಲ್ಲ? ತೆಂಗು ಏಕದಳ. ಅದರ ಬಂಡಲ್‌ಗಳು ಕಾಂಡದ ತುಂಬ ಚೆದುರಿವೆ. ಹೊರಗೆ ಕಚ್ಚು ಬಿದ್ದರೂ ಒಳಗೆ ಬೇಕಾದಷ್ಟು ಉಳಿದಿರುತ್ತವೆ. ಕಬ್ಬು ಅಗಿದಾಗ ಹಲ್ಲಿಗೆ ಸಿಕ್ಕುವ ಎಳೆಗಳೂ ಅವೇ. ಒಂದೊಂದು ಬಂಡಲ್ಲಿಗೂ ಸುತ್ತ ಸ್ಕ್ಲೀರೆಂಕೈಮಾದ ಗಟ್ಟಿ ಕವಚ ಇದೆ, ಅದಕ್ಕೇ ಅಷ್ಟು ನಾರು. ಹುಡುಗರು ಕಬ್ಬು ತಿಂದದ್ದು ಲೆಕ್ಕವಿಲ್ಲ, ಆದರೆ ಹಲ್ಲಲ್ಲಿ ಸಿಕ್ಕಿದ್ದು ಏನು ಅಂತ ಅವತ್ತೇ ಗೊತ್ತಾದದ್ದು.

ಬ್ಲೇಡು ಮತ್ತು ಸಫ್ರಾನಿನ್

ಅಲ್ಲಿಂದ ಕಲಿಸುವ ಕ್ರಮ ಬದಲಿಸಿದೆ. ಗೋಡೆಯ ಕೋಷ್ಟಕ ತೆಗೆಸಿದೆ. ಗೆಳೆಯರೊಬ್ಬರಿಂದ ಹಳೇ ಸೂಕ್ಷ್ಮದರ್ಶಕ ತಂದೆ. ಶೀಗಿ ಹುಣ್ಣಿಮೆಗೆ ಊರಿಗೆ ಹೋದ ಗಂಗಾ ಬರುವಾಗ ಹಸಿ ಬಟ್ಟೆಯಲ್ಲಿ ಸುತ್ತಿಕೊಂಡು ಎಳೇ ಸೂರ್ಯಕಾಂತಿ ಗಿಡ, ಜೋಳದ ಗಿಡ ಬೇರು ಸಮೇತ ತಂದಳು. ಕಡಲೆ ಕಾಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ ಇಲ್ಲೇ ಮೊಳಕೆ ತರಿಸಿದೆವು.

ಹೊಸ ಬ್ಲೇಡಿನಿಂದ ತೆಳ್ಳಗೆ ಕೊಯ್ಯುವುದು ಒಂದು ದಿನದಲ್ಲಿ ಬರುವ ಕೆಲಸ ಅಲ್ಲ. ಕಾಂಡ ಮೆತ್ತಗಿದ್ದರೆ ಆಲೂಗಡ್ಡೆಯ ತುಂಡಿಗೆ ಸೀಳು ಮಾಡಿ ಅದರೊಳಗೆ ಸಿಕ್ಕಿಸಿ ಕೊಯ್ಯಬೇಕು. ಬ್ಲೇಡು ಒದ್ದೆ ಇರಬೇಕು. ಕೊಯ್ದದ್ದನ್ನೆಲ್ಲ ನೀರಿಗೆ ಬಿಟ್ಟು, ಎಲ್ಲಕ್ಕಿಂತ ತೆಳ್ಳಗಿದ್ದದ್ದನ್ನು ಕುಂಚದಿಂದ ಎತ್ತಬೇಕು. ಮೊದಲ ದಿನ ನಲವತ್ತು ಕೊಯ್ದರೆ ಎರಡು ಚೆನ್ನಾಗಿದ್ದವು. ಅದಕ್ಕೆ ಸಫ್ರಾನಿನ್ ಅನ್ನುವ ಕೆಂಪು ಬಣ್ಣ ಹಾಕಿ, ತೊಳೆದು, ಒಂದು ಹನಿ ಗ್ಲಿಸರಿನ್ ಹಾಕಿ ನೋಡಿದೆವು. ಲಿಗ್ನಿನ್ ಅನ್ನುವ ಗಟ್ಟಿ ಪದಾರ್ಥ ಇರುವ ಗೋಡೆಗಳು ಕೆಂಪಗಾಗುತ್ತವೆ, ಹಾಗಾಗಿ ಕ್ಸೈಲಂ ಎದ್ದು ಕಾಣುತ್ತದೆ.

ಸೂರ್ಯಕಾಂತಿಯಲ್ಲಿ ಬಂಡಲ್‌ಗಳು ಉಂಗುರದ ಹಾಗೆ ಕೂತಿದ್ದವು. ಜೋಳದ ಕಾಂಡದಲ್ಲಿ ಎಲ್ಲೆಲ್ಲೂ ಚೆದುರಿದ್ದವು, ಒಂದೊಂದೂ ಒಂದು ಮುಖದ ಹಾಗೆ: ಎರಡು ದೊಡ್ಡ ಮೆಟಾಕ್ಸೈಲಂ (ಆಮೇಲೆ ಹುಟ್ಟಿದ ನಾಳ) ಕಣ್ಣು, ಕೆಳಗೆ ಪ್ರೋಟೋಕ್ಸೈಲಂ ಜಾಗದ ಖಾಲಿ ಬಾಯಿ. ಬಾಯಿ ಯಾವ ಕಡೆಗಿದೆ ಅಂತ ಕೇಳಿದೆ. ಕಾಂಡದ ನಡುವಿನ ಕಡೆಗೆ. ಅಂದರೆ ಮೊದಲು ಹುಟ್ಟಿದ್ದು ಒಳಗೆ, ಅದೇ ಎಂಡಾರ್ಕ್. ಕಡಲೆ ಬೇರಿನಲ್ಲಿ ನಾಲ್ಕು ಮೂಲೆಯ ಚುಕ್ಕಿಯ ಹಾಗೆ ಕ್ಸೈಲಂ, ಅದರ ಸಣ್ಣ ನಾಳಗಳು ಹೊರಗಡೆಗೆ. ಅದು ಎಕ್ಸಾರ್ಕ್. ಜೋಳದ ಬೇರಿನಲ್ಲಿ ಎಣಿಸಿದರೆ ಆರಕ್ಕಿಂತ ಜಾಸ್ತಿ.

ಗಂಗಾ ಅವತ್ತು ರಾತ್ರಿ ಎಂಟರವರೆಗೆ ಸೂಕ್ಷ್ಮದರ್ಶಕ ಬಿಟ್ಟು ಏಳಲಿಲ್ಲ. ಪಿಜಿಯ ಅಕ್ಕ ಫೋನ್ ಮಾಡಿ ಊಟಕ್ಕೆ ಕರೆಯಬೇಕಾಯಿತು.

ನವೆಂಬರ್ ಮತ್ತು ಡಿಸೆಂಬರ್ ಟೆಸ್ಟುಗಳಲ್ಲಿ ಒಳರಚನೆಯ ಪ್ರಶ್ನೆಗಳಲ್ಲಿ ಅವಳು ತಪ್ಪಿದ್ದು ಬಹಳ ಕಡಿಮೆ. ನಾನೂ ನಿರಾಳವಾದೆ. ಸ್ವಲ್ಪ ಬೇಗನೇ ನಿರಾಳವಾದೆ.

ಹುಳಿಯಲ್ಲಿ ಜಾರಿದ್ದು

ಈ ಪ್ರಕರಣದಲ್ಲಿ ಬೇರೆ ಮೇಷ್ಟ್ರುಗಳಿಗೆ ನಾನು ಮುಖ್ಯವಾಗಿ ಹೇಳಬೇಕಾದದ್ದು ಈ ಭಾಗ.

ಜನವರಿಯಲ್ಲಿ ದ್ಯುತಿಸಂಶ್ಲೇಷಣೆಯ ಟೆಸ್ಟ್ ಇಟ್ಟೆ. ಇಂಗಾಲದ ಡೈಆಕ್ಸೈಡು ಹಿಡಿಯುವ ದಾರಿ ಎಲ್ಲ ಗಿಡಕ್ಕೂ ಒಂದೇ ಅಲ್ಲ: ಸಾಮಾನ್ಯ ದಾರಿಯವು ಸಿ3, ಬಿಸಿಲಿಗೆ ಹೊಂದುವ ದಾರಿಯವು ಸಿ4, ರಾತ್ರಿ ಹಿಡಿದಿಟ್ಟು ಹಗಲು ಬಳಸುವವು ಸಿಎಎಂ. ಪ್ರಶ್ನೆ ನಾನೇ ಬರೆದದ್ದು. ಇವುಗಳಲ್ಲಿ ಸಿ4 ಸಸ್ಯ ಯಾವುದು: ಶೇಂಗಾ, ಹತ್ತಿ, ಸಜ್ಜೆ, ಗೋಧಿ. ಅವಳು ಹತ್ತಿಗೆ ಗುರುತು ಹಾಕಿದ್ದಳು. ಇನ್ನೊಂದು, ಸಿಎಎಂ ಸಸ್ಯ ಯಾವುದು: ಜೋಳ, ಕಡಲೆ, ಕಾಡುಬಸಳೆ, ಭತ್ತ. ಅವಳ ಉತ್ತರ ಕಡಲೆ.

ಯಾಕೆ ಅಂತ ಕೇಳಿದೆ. ಕಾರಣ ಕೇಳಿ ನಾನು ದಂಗಾದೆ. ಹತ್ತಿ ಬಿಸಿಲಿಗೆ ಜಗ್ಗುವುದಿಲ್ಲ, ಸಿ4 ಗಿಡಗಳು ಬಿಸಿಲು ತಡೆಯುತ್ತವೆ ಅಂತ ನೀವೇ ಹೇಳಿದ್ದೀರಿ ಅಂದಳು. ಕಡಲೆಗೆ ಅವಳ ಕಾರಣ ಇನ್ನೂ ಚೆನ್ನಾಗಿತ್ತು. "ಸಿಎಎಂ ಗಿಡ ರಾತ್ರಿ ಮ್ಯಾಲಿಕ್ ಆಮ್ಲ ಕೂಡಿಡ್ತಾವ ಅಂತ ಐತಲ್ರಿ. ಕಡ್ಲಿ ಎಲಿ ಮುಂಜಾನೆ ಎಷ್ಟು ಹುಳಿ ಇರ್ತಾವ! ನಮ್ಮಜ್ಜಿ ರಾತ್ರಿ ಕಡ್ಲಿ ಹೊಲದಾಗ ಅರಿವಿ ಹಾಸಿ ಮುಂಜಾನೆ ಹಿಂಡಿ ಹುಳಿ ತಗೀತಿದ್ರು. ನೀರಿಲ್ಲದ ಹಿಂಗಾರಿಗೂ ಬರ್ತೈತಿ. ಮತ್ತ ಇನ್ನೇನು ಬೇಕ್ರಿ?"

ಯೋಚಿಸಿ ನೋಡಿ. ಕಡಲೆಯ ಹುಳಿಯಲ್ಲಿ ಮ್ಯಾಲಿಕ್ ಆಮ್ಲ ಇರುವುದು ನಿಜ. ರಾತ್ರಿ ಬಟ್ಟೆ ಹಾಸುವುದೂ ನಿಜ. ನೀರು ಕಡಿಮೆ ಸಾಕು ಅನ್ನುವುದೂ ನಿಜ. ಎಲ್ಲ ನಿಜಗಳನ್ನು ಸೇರಿಸಿ ತಪ್ಪು ಉತ್ತರಕ್ಕೆ ಬಂದಿದ್ದಳು. ಇದು ಜುಲೈನ ತಪ್ಪುಗಳ ಹಾಗಲ್ಲ. ಈಗ ಅವಳು ಯೋಚಿಸಿಯೇ ತಪ್ಪಿದ್ದಳು. ಮತ್ತು ಹಾಗೆ ಯೋಚಿಸಲು ಕಲಿಸಿದವನು ನಾನು.

'ಹೊಲದ ಮಾತು ಬಿಡು, ಪಟ್ಟಿ ಬಾಯಿಪಾಠ ಮಾಡು' ಅಂತ ಹೇಳುವ ಆಸೆ ಆಯಿತು. ಪರೀಕ್ಷೆಗೆ ನಾಲ್ಕು ತಿಂಗಳೂ ಉಳಿದಿರಲಿಲ್ಲ. ನೀಟ್‌ನಲ್ಲಿ 180 ಪ್ರಶ್ನೆಗಳಲ್ಲಿ 90 ಜೀವಶಾಸ್ತ್ರದವು, ತಪ್ಪು ಉತ್ತರಕ್ಕೆ ಒಂದು ಅಂಕ ಕಳೆಯುತ್ತಾರೆ. ಆದರೆ ಹಾಗೆ ಹೇಳಿದ್ದರೆ ಅಕ್ಟೋಬರಿನಿಂದ ಕಟ್ಟಿದ್ದೆಲ್ಲ ಬೀಳುತ್ತಿತ್ತು ಅನ್ನಿಸಿತು. ಅದಕ್ಕೇ 'ನಿನ್ನ ಮಾತು ಸರಿಯೋ ತಪ್ಪೋ ಗಿಡವನ್ನೇ ಕೇಳೋಣ' ಅಂದೆ.

ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಹೋದವಳು ತಿನ್ನಲು ಅಂತ ಕಡಲೆ ಗಿಡಗಳ ಕಟ್ಟು ತಂದಿದ್ದಳು. ಸುಲಗಾಯಿ ಖಾಲಿಯಾಗಿದ್ದವು, ಒಂದೆರಡು ಗಿಡದ ಎಲೆ ಇನ್ನೂ ಹಸಿರಿದ್ದವು. ಆ ಎಲೆಗಳನ್ನು ಸ್ವಲ್ಪ ಡಿಸ್ಟಿಲ್ಡ್ ವಾಟರಿನಲ್ಲಿ ಅದ್ದಿ ತೆಗೆದು, ಆ ನೀರಿಗೆ ಪಿಎಚ್ ಪಟ್ಟಿ ಹಾಕಿದೆವು. ಹುಳಿ. ಎಲೆ ಅರೆದಿಲ್ಲ, ಬರೀ ತೊಳೆದದ್ದು. ಅಂದರೆ ಹುಳಿ ಎಲೆಯ ಹೊರಗೇ ಇದೆ. ಸೂಕ್ಷ್ಮದರ್ಶಕದಲ್ಲಿ ಎಲೆಯ ಮೇಲೆ ತುದಿ ಉಬ್ಬಿದ ಸಣ್ಣ ಸಣ್ಣ ಕೂದಲುಗಳು ಕಂಡವು. ಹುಳಿ ಸೂಸುವುದು ಅವೇ.

ಆಮೇಲೆ ಕುಂಡದಲ್ಲಿದ್ದ ಕಾಡುಬಸಳೆ. ಬೆಳಿಗ್ಗೆ ಆರಕ್ಕೆ ಒಂದು ಎಲೆ ಚೆನ್ನಾಗಿ ತೊಳೆದು ಅರೆದು ರಸ ನೋಡಿದೆವು, ಸಂಜೆ ಐದಕ್ಕೆ ಇನ್ನೊಂದು. ಬೆಳಗಿನ ರಸ ಸಂಜೆಯದಕ್ಕಿಂತ ಹುಳಿ. ಈ ಗಿಡದ ಎಲೆ ಬೆಳಿಗ್ಗೆ ಹುಳಿ, ಮಧ್ಯಾಹ್ನದ ಹೊತ್ತಿಗೆ ಸಪ್ಪೆ ಅಂತ ಭಾರತದಲ್ಲಿ ಕೆಲಸ ಮಾಡುತ್ತಿದ್ದ ಬೆಂಜಮಿನ್ ಹೇನ್ ಬಾಯಲ್ಲಿಟ್ಟು ನೋಡಿಯೇ ಬರೆದಿದ್ದ. ಅದು 1815ರಲ್ಲಿ ಅಚ್ಚಾಯಿತು. ನಾವು ಬಾಯಲ್ಲಿ ಇಡಲಿಲ್ಲ, ನೀವೂ ಮಕ್ಕಳಿಂದ ಇಡಿಸಬೇಡಿ. ಆ ಗಿಡದಲ್ಲಿ ದನಗಳಿಗೆ ವಿಷವಾಗುವ ಅಂಶ ಇದೆ. ಪಟ್ಟಿ ಸಾಕು.

ಕಾಡುಬಸಳೆಯ ಹುಳಿ ಕೋಶದ ಒಳಗೆ, ವ್ಯಾಕ್ಯೂಲ್ ಅನ್ನುವ ನೀರಿನ ಚೀಲದಲ್ಲಿ. ರಾತ್ರಿ ಪತ್ರರಂಧ್ರ ತೆರೆದು ಒಳಗೆ ತೆಗೆದುಕೊಂಡ ಇಂಗಾಲದ ಡೈಆಕ್ಸೈಡು ಆಮ್ಲವಾಗಿ ಕೂತಿರುತ್ತದೆ. ಹಗಲು ರಂಧ್ರ ಮುಚ್ಚಿ ಅದನ್ನು ಬಿಡಿಸಿಕೊಂಡು ಸಕ್ಕರೆ ಮಾಡುತ್ತದೆ. ಕಡಲೆಯ ಹುಳಿಗೂ ಈ ಕೆಲಸಕ್ಕೂ ಸಂಬಂಧವೇ ಇಲ್ಲ. ಕಡಲೆ ಸಿ3 ಗಿಡ. ಅದು ಹಿಂಗಾರಿಗೆ ಬರುವುದು ಆಳಕ್ಕೆ ಇಳಿಯುವ ಬೇರಿನಿಂದ, ಎರೆ ಮಣ್ಣು ಹಿಡಿದಿಟ್ಟ ತೇವದಿಂದ, ಚಳಿಗಾಲದ ತಂಪಿನಿಂದ.

ಹತ್ತಿಯದನ್ನು ಎಲೆ ಕೊಯ್ದು ನೋಡಿದೆವು. ಜೋಳದ ಎಲೆಯಲ್ಲಿ ಒಂದೊಂದು ಬಂಡಲ್ಲಿನ ಸುತ್ತ ದಪ್ಪ ಹಸಿರು ಕೋಶಗಳ ಮಾಲೆ ಇತ್ತು. ಅದು ಕ್ರಾಂಜ್ ರಚನೆ. ಹತ್ತಿಯಲ್ಲಿ ಇರಲಿಲ್ಲ. ಶೇಂಗಾದಲ್ಲೂ ಇರಲಿಲ್ಲ. ಸಜ್ಜೆ, ಗೋವಿನಜೋಳ, ನವಣೆ, ರಾಗಿ, ಕಬ್ಬು ಎಲ್ಲ ಸಿ4 ಅಂತ ಹೇಳಿದೆ. ಹತ್ತಿ, ಶೇಂಗಾ, ಕಡಲೆ, ಗೋಧಿ, ಭತ್ತ ಸಿ3. ಬಿಸಿಲು ತಡೆಯುವುದಕ್ಕೆ ಗಿಡಕ್ಕೆ ಬೇರೆ ದಾರಿಗಳೂ ಇವೆ, ಅಲ್ವಾ?

ಆ ವಾರ ಗಂಗಾ ತನ್ನ ನೋಟ್‌ಬುಕ್ಕಿನಲ್ಲಿ ತಾನೇ ಒಂದು ಹೊಸ ಕೋಷ್ಟಕ ಹಾಕಿಕೊಂಡಳು. ಪ್ರತಿ ಪದಕ್ಕೂ ಮೂರು ಖಾನೆ: 'ಎಲ್ಲಿ ನೋಡೀನಿ', 'ಯಾಕ ಹಂಗ', 'ಎಲ್ಲಿ ಕೈ ಕೊಡ್ತೈತಿ'. ಮೂರನೇ ಖಾನೆ ನನಗೆ ಹೊಳೆದಿರಲಿಲ್ಲ. ಹಿಂದಿನ ಪುಟದಲ್ಲಿ 'ಸುಮ್ನ ನೆನಪಿಡೋವು' ಅಂತ ಬೇರೆ ಪಟ್ಟಿ. ಒಂದು ಗ್ಲೂಕೋಸಿಗೆ, ಸಕ್ಕರೆ ಕಟ್ಟುವ ಕ್ಯಾಲ್ವಿನ್ ಚಕ್ರದಲ್ಲಿ 18 ಎಟಿಪಿ, 12 ಎನ್‌ಎಡಿಪಿಎಚ್ ಅನ್ನುವಂಥವು ಅಲ್ಲಿ. ಅದಕ್ಕೆಲ್ಲ ಹೊಲದ ಕಥೆ ಹುಡುಕುವುದು ಬೇಡ ಅಂತ ಇಬ್ಬರೂ ಒಪ್ಪಿದೆವು.

ಏನಾಯಿತು

ಸಸ್ಯಶಾಸ್ತ್ರದ ಭಾಗ ಚೆನ್ನಾಗಿ ಆಯಿತು. ಭೌತಶಾಸ್ತ್ರ ಕೈ ಹಿಡಿಯಲಿಲ್ಲ, ಮೆಡಿಕಲ್ ಸೀಟು ಸಿಗಲಿಲ್ಲ. ಇದನ್ನು ಮುಚ್ಚಿಡುವುದಿಲ್ಲ. ಒಂದು ವಿಷಯಕ್ಕೆ ನಾನು ಕೊಡಿಸಿದ ಸಮಯದಲ್ಲಿ ಸ್ವಲ್ಪ ಇನ್ನೊಂದಕ್ಕೆ ಹೋಗಬೇಕಿತ್ತೇನೋ ಅನ್ನುವ ಪ್ರಶ್ನೆ ನನ್ನಲ್ಲಿ ಉಳಿದಿದೆ. ಸಿಇಟಿಯಲ್ಲಿ ಕೃಷಿ ಪದವಿಗೆ ಸೀಟು ಬಂತು. ಅವಳಪ್ಪ ಮೊದಲು ಬೇಸರ ಮಾಡಿಕೊಂಡರು, ಆಮೇಲೆ ಒಪ್ಪಿದರು.

ಮುಂದಿನ ವರ್ಷ ಹುಬ್ಬಳ್ಳಿಯ ಒಬ್ಬ ಹುಡುಗನಿಗೆ ಇದೇ ಕ್ರಮ ಹಚ್ಚಿದೆ. ಅವನು ಹೊಲ ಕಂಡವನಲ್ಲ. ಜೋಳದ ಎಲೆ ಸುತ್ತುತ್ತದೆ ಅಂದರೆ ಅದು ಅವನಿಗೆ ಇನ್ನೊಂದು ಬಾಯಿಪಾಠದ ಸಾಲು. ಎರಡು ವಾರ ಹಾಳಾಯಿತು. ಆಮೇಲೆ ಅವನನ್ನು ಅವರ ಅಡುಗೆಮನೆಗೇ ಕಳಿಸಿದೆ. ಗಜ್ಜರಿಯನ್ನು ಅಡ್ಡ ಕೊಯ್ದರೆ ಕಾಣುವ ಉಂಗುರ, ಉಪ್ಪು ಹಚ್ಚಿದ ಸೌತೆಕಾಯಿ ಬಿಡುವ ನೀರು, ಉಳ್ಳಾಗಡ್ಡಿಯ ಒಳಪೊರೆ. ಅವನ ದಾರಿ ಅಲ್ಲಿಂದ ಶುರುವಾಯಿತು. ಈಗ ಯಾರೇ ಸೇರಿದರೂ ಮೊದಲ ದಿನ ಟೆಸ್ಟ್ ಇಡುವುದಿಲ್ಲ. ಮನೆಯಲ್ಲಿ ಏನು ಬೆಳೆಯುತ್ತೀರಿ, ಇಲ್ಲದಿದ್ದರೆ ಏನು ಅಡುಗೆ ಮಾಡುತ್ತೀರಿ ಅಂತ ಕೇಳುತ್ತೇನೆ. ತಪ್ಪು ಉತ್ತರ ಬಂದರೆ ಸರಿ ಉತ್ತರ ಹೇಳುವ ಮೊದಲು 'ಯಾಕೆ ಹಾಗೆ ಅನ್ನಿಸಿತು' ಅಂತ ಕೇಳುತ್ತೇನೆ. ಗಂಗಾಳನ್ನು ಜುಲೈನಲ್ಲೇ ಹಾಗೆ ಕೇಳಿದ್ದರೆ ಎರಡು ತಿಂಗಳು ಉಳಿಯುತ್ತಿತ್ತು.

ಅವಳ ಆ ನೋಟ್‌ಬುಕ್ಕು ನನ್ನ ಹತ್ತಿರವೇ ಬಿಟ್ಟು ಹೋಗಿದ್ದಾಳೆ, ಮುಂದಿನವರಿಗೆ ಇರಲಿ ಅಂತ. ಅದರಲ್ಲಿ ಕ್ಯಾಸ್ಪೇರಿಯನ್ ಪಟ್ಟಿಯ ಸಾಲಿನಲ್ಲಿ, 'ಎಲ್ಲಿ ನೋಡೀನಿ' ಅನ್ನುವ ಖಾನೆಯಲ್ಲಿ 'ಇನ್ನೂ ನೋಡಿಲ್ಲ' ಅಂತ ಬರೆದಿದೆ. ಬೇರಿನ ಒಳಪದರವಾದ ಎಂಡೋಡರ್ಮಿಸ್ಸಿನ ಕೋಶಗಳ ಗೋಡೆಯಲ್ಲಿ ನೀರು ದಾಟದ ಹಾಗೆ ತಡೆಯುವ ಆ ಪಟ್ಟಿ ನಮ್ಮ ಹಳೇ ಸೂಕ್ಷ್ಮದರ್ಶಕದಲ್ಲಿ ಎಷ್ಟು ಸಲ ಕೊಯ್ದರೂ ಸ್ಪಷ್ಟವಾಗಿ ಕಾಣಲಿಲ್ಲ. ಕಾಣದ್ದನ್ನು ಕಂಡೆ ಅಂತ ಬರೆಯಲು ಅವಳು ಒಪ್ಪಲಿಲ್ಲ. ಕಾಲೇಜಿನ ಲ್ಯಾಬಿನಲ್ಲಿ ಒಳ್ಳೇ ಸೂಕ್ಷ್ಮದರ್ಶಕ ಇದೆಯಂತೆ. ನೋಡಿದ ದಿನ ಬಂದು ಆ ಖಾನೆ ತುಂಬುತ್ತೇನೆ ಅಂದಿದ್ದಾಳೆ.